ನವೀಕರಣ ಸ್ಥಗಿತಗೊಳಿಸಿದ ಗಣಕಯಂತ್ರಗಳಲ್ಲಿ ಗ್ರಾಫಿಕ್ಸ್ ಡ್ರೈವರ್ ಅಳವಡಿಕೆಯ ತೊಡಕುಗಳು: ಗ್ರಾಮ ಪಂಚಾಯತಿ ಸದಸ್ಯರಿಗೆ ಒಂದು ವಿವರಣೆ

ಕಛೇರಿಯ ಗಣಕಯಂತ್ರದ ಪರದೆ ಸರಿಯಾಗಿ ಕಾಣುತ್ತಿಲ್ಲ, ಹೊಸ ಮಾನಿಟರ್ ಖರೀದಿಸಬೇಕು ಎಂಬ ವಿಷಯ ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಬರುವುದು ಅಪರೂಪವೇನಲ್ಲ. ಅಕ್ಷರಗಳು ದಪ್ಪಗಾಗಿ ಅಂಚುಗಳು ಮಸುಕಾಗಿರುತ್ತವೆ. ಇ-ಸ್ವತ್ತು ತಂತ್ರಾಂಶದ ಪುಟವು ಪರದೆಯ ಅಗಲಕ್ಕೆ ಹಿಡಿಸದೆ, ನಮೂನೆ 9ರ ವಿವರಗಳನ್ನು ಅತ್ತಿತ್ತ ಸರಿಸಿ ಸರಿಸಿ ಓದಬೇಕಾಗುತ್ತದೆ. ವಿಡಿಯೋ ಸಂವಾದದಲ್ಲಿ ಮಾತು ಒಂದೆಡೆಯಾದರೆ ಚಿತ್ರ ಮತ್ತೊಂದೆಡೆ ನಿಂತಿರುತ್ತದೆ. ಗ್ರಾಮ ಸಭೆಗೆಂದು ತಂದ ಪ್ರೊಜೆಕ್ಟರ್ ಜೋಡಿಸಿದರೆ ಗೋಡೆಯ ಮೇಲೆ ನೀಲಿ ಬೆಳಕಲ್ಲದೆ ಬೇರೇನೂ ಮೂಡುವುದಿಲ್ಲ. ಸಭೆಯು ಖರೀದಿಗೆ ಒಪ್ಪಿಗೆ ನೀಡುತ್ತದೆ, ಹೊಸ ಮಾನಿಟರ್ ಬರುತ್ತದೆ, ಅದರಲ್ಲಿಯೂ ಅದೇ ದಪ್ಪ ಅಕ್ಷರ, ಅದೇ ಮಸುಕು ಮುಂದುವರಿಯುತ್ತದೆ.

ಇಂತಹ ಪ್ರಕರಣಗಳಲ್ಲಿ ಮಾನಿಟರ್ ಬಹುಮಟ್ಟಿಗೆ ನಿರಪರಾಧಿ. ಗಣಕಯಂತ್ರದ ಒಳಗಿರುವ ಗ್ರಾಫಿಕ್ಸ್ ಭಾಗಕ್ಕೆ ಬೇಕಾದ ಡ್ರೈವರ್, ಅಂದರೆ ಚಾಲಕ ತಂತ್ರಾಂಶವು ಸರಿಯಾಗಿ ಅಳವಡಿಕೆಯಾಗಿರುವುದಿಲ್ಲ. ಅದಕ್ಕೆ ಕಾರಣ ಹುಡುಕುತ್ತ ಹೋದರೆ, ಹಿಂದೆ ಯಾವಾಗಲೋ ಯಾರೋ ವಿಂಡೋಸ್ ನವೀಕರಣವನ್ನು, ರೂಢಿಯ ಮಾತಿನಲ್ಲಿ ಅಪ್‌ಡೇಟ್ ಅನ್ನು, ಪೂರ್ಣವಾಗಿ ನಿಲ್ಲಿಸಿದ್ದು ಬೆಳಕಿಗೆ ಬರುವುದುಂಟು. ಈ ಎರಡು ಸಂಗತಿಗಳ ನಡುವಣ ಸಂಬಂಧ ಮೇಲ್ನೋಟಕ್ಕೆ ಕಾಣುವಂಥದ್ದಲ್ಲ. ಸದಸ್ಯರು ತಂತ್ರಜ್ಞರಾಗಬೇಕೆಂಬ ನಿರೀಕ್ಷೆ ಯಾರಿಗೂ ಇಲ್ಲ. ಆದರೆ ಖರ್ಚಿಗೆ ಅನುಮೋದನೆ ನೀಡುವವರು ಅವರೇ ಆಗಿರುವುದರಿಂದ, ಅನುಮೋದನೆಗೆ ಮುನ್ನ ಏನನ್ನು ಕೇಳಬೇಕೆಂಬುದು ತಿಳಿದಿರುವುದು ಅವಶ್ಯ.

ಡ್ರೈವರ್ ಮಾಡುವ ಕೆಲಸ

ಗಣಕಯಂತ್ರದಲ್ಲಿ ಪರದೆಗೆ ಚಿತ್ರ ಕಳುಹಿಸುವ ಯಂತ್ರಭಾಗ ಪ್ರತ್ಯೇಕವಾಗಿರುತ್ತದೆ. ಕಛೇರಿಗಳಲ್ಲಿ ಬಳಸುವ ಸಾಧಾರಣ ಯಂತ್ರಗಳಲ್ಲಿ ಅದು ಮುಖ್ಯ ಸಂಸ್ಕಾರಕದ, ಅಂದರೆ ಪ್ರೊಸೆಸರಿನ, ಒಳಗೇ ಸೇರಿರುತ್ತದೆ. ಕೆಲವು ಯಂತ್ರಗಳಲ್ಲಿ ಬೇರೆಯೇ ಕಾರ್ಡ್ ಇರುತ್ತದೆ. ಇಂಟೆಲ್, ಎಎಂಡಿ, ಎನ್‌ವಿಡಿಯಾ ಎಂಬ ಮೂರು ಸಂಸ್ಥೆಗಳ ಗ್ರಾಫಿಕ್ಸ್ ಭಾಗಗಳೇ ಹೆಚ್ಚಾಗಿ ಬಳಕೆಯಲ್ಲಿವೆ. ಒಂದೊಂದು ಮಾದರಿಯ ರಚನೆಯೂ ಬೇರೆ. ವಿಂಡೋಸ್ ವ್ಯವಸ್ಥೆಗೆ ಅಷ್ಟೂ ಮಾದರಿಗಳ ಒಳಗುಟ್ಟು ತಿಳಿದಿರುವುದಿಲ್ಲವಾದ್ದರಿಂದ, ಆಯಾ ಭಾಗವನ್ನು ತಯಾರಿಸಿದ ಸಂಸ್ಥೆಯೇ ನಡುವೆ ನಿಂತು ಕೆಲಸ ಮಾಡಿಸುವ ಒಂದು ತಂತ್ರಾಂಶವನ್ನು ಬರೆದು ಕೊಡುತ್ತದೆ. ಅದೇ ಡ್ರೈವರ್.

ಸರಿಯಾದ ಡ್ರೈವರ್ ಸಿಗದಿದ್ದಾಗ ವಿಂಡೋಸ್ ಪರದೆಯನ್ನು ಕತ್ತಲಾಗಿಸಿ ಕೈಚೆಲ್ಲುವುದಿಲ್ಲ. ತನ್ನಲ್ಲೇ ಇರುವ ಒಂದು ಸಾಮಾನ್ಯ ಡ್ರೈವರ್‌ನಿಂದ ಹೇಗೋ ಕೆಲಸ ಸಾಗಿಸುತ್ತದೆ. ವಿಂಡೋಸ್ 8 ಮತ್ತು ಅನಂತರದ ಆವೃತ್ತಿಗಳಲ್ಲಿ ಇದರ ಹೆಸರು 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್'. ವಿಂಡೋಸ್ 7ರಲ್ಲಿ 'ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್'. ಖಾಯಂ ಅಧಿಕಾರಿಯಿಲ್ಲದ ಕಛೇರಿಯನ್ನು ಪ್ರಭಾರಿಯೊಬ್ಬರು ನೋಡಿಕೊಂಡಂತೆ ಇದು. ಬಾಗಿಲು ತೆರೆದಿರುತ್ತದೆ, ಕಡತ ಮಾತ್ರ ಸಾಗುವುದಿಲ್ಲ. ಪರದೆಯ ಸ್ಪಷ್ಟತೆ ಕಡಿಮೆಯ ಒಂದು ಅಳತೆಗೆ ಅಂಟಿಕೊಳ್ಳುತ್ತದೆ. ವಿಡಿಯೋ ಬಿಡಿಸುವ ಭಾರವೆಲ್ಲ ಗ್ರಾಫಿಕ್ಸ್ ಭಾಗದ ಬದಲು ಮುಖ್ಯ ಸಂಸ್ಕಾರಕದ ಮೇಲೆ ಬೀಳುವುದರಿಂದ ಇಡೀ ಯಂತ್ರ ನಿಧಾನವಾಗುತ್ತದೆ. ಎರಡನೆಯ ಪರದೆಗಾಗಲಿ ಪ್ರೊಜೆಕ್ಟರಿಗಾಗಲಿ ಪ್ರತ್ಯೇಕವಾಗಿ ಚಿತ್ರ ಹಂಚುವುದು ಸಾಧ್ಯವಾಗುವುದಿಲ್ಲ.

ಇದನ್ನು ಪರಿಶೀಲಿಸಲು ಎರಡು ನಿಮಿಷ ಸಾಕು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ 'ಡಿವೈಸ್ ಮ್ಯಾನೇಜರ್' ಎಂಬುದನ್ನು ತೆರೆದು, ಅದರೊಳಗೆ 'ಡಿಸ್‌ಪ್ಲೇ ಅಡಾಪ್ಟರ್ಸ್' ಎಂಬ ಸಾಲನ್ನು ಬಿಡಿಸಿ ನೋಡಬೇಕು. ಅಲ್ಲಿ ತಯಾರಕ ಸಂಸ್ಥೆಯ ಹೆಸರಿದ್ದರೆ ಡ್ರೈವರ್ ಇದೆ. ಮೇಲೆ ಹೇಳಿದ ಬೇಸಿಕ್ ಅಡಾಪ್ಟರ್ ಹೆಸರೋ ಹಳದಿ ಎಚ್ಚರಿಕೆಯ ಗುರುತೋ ಇದ್ದರೆ ಡ್ರೈವರ್ ಇಲ್ಲ ಅಥವಾ ಕೆಲಸ ಮಾಡುತ್ತಿಲ್ಲ. ಹಳದಿ ಗುರುತಿನ ಸಾಲನ್ನು ಎರಡು ಬಾರಿ ಒತ್ತಿದರೆ ಒಂದು ಸಂಖ್ಯೆ ಕಾಣುತ್ತದೆ. ಸಂಖ್ಯೆ 28 ಎಂದರೆ ಡ್ರೈವರ್ ಅಳವಡಿಸಿಯೇ ಇಲ್ಲ. 43 ಎಂದರೆ ಆ ಭಾಗವು ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ದೃಢೀಕರಿಸಲು ಆಗಿಲ್ಲ. ದುರಸ್ತಿಗಾರರನ್ನು ಕರೆಯುವ ಮುನ್ನ ಈ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೂ ಮೊದಲು ತಂತಿಯನ್ನು ನೋಡುವುದು ಲೇಸು. ಹಳೆಯ ನೀಲಿ ತುದಿಯ ವಿಜಿಎ ತಂತಿಯಲ್ಲಿ ಹದಿನೈದು ಮುಳ್ಳುಗಳಿದ್ದು, ಮಾನಿಟರ್ ತನ್ನ ಅಳತೆಯನ್ನು ಯಂತ್ರಕ್ಕೆ ತಿಳಿಸುವುದು ಅವುಗಳಲ್ಲಿ ಕೆಲವೇ ಮುಳ್ಳುಗಳ ಮೂಲಕ. ಆ ಮುಳ್ಳು ಬಾಗಿದ್ದರೆ ಚಿತ್ರ ಬರುತ್ತದೆ, ಆದರೆ ಮಾನಿಟರಿನ ಅಳತೆ ಯಂತ್ರಕ್ಕೆ ತಿಳಿಯದೆ ಸ್ಪಷ್ಟತೆ ಕೆಳಗಿಳಿಯುತ್ತದೆ. ಅಲ್ಪ ಬೆಲೆಯ ತಂತಿಯ ದೋಷಕ್ಕೆ ಯಂತ್ರದ ಒಳಗೆಲ್ಲ ಹುಡುಕಾಡುವುದು ವ್ಯರ್ಥ.

ನವೀಕರಣ ನಿಲ್ಲಿಸಿದವರ ಕಷ್ಟ

ನವೀಕರಣ ನಿಲ್ಲಿಸಿದ ಸಿಬ್ಬಂದಿಯನ್ನು ತಪ್ಪಿತಸ್ಥರೆಂದು ನೋಡುವುದು ನ್ಯಾಯವಲ್ಲ. ಬಾಪೂಜಿ ಸೇವಾ ಕೇಂದ್ರದ ಮುಂದೆ ಹತ್ತಾರು ಜನ ನಿಂತಿರುವಾಗ ಯಂತ್ರವು ಇದ್ದಕ್ಕಿದ್ದಂತೆ ಮರುಪ್ರಾರಂಭಗೊಂಡು, ಪರದೆಯ ಮೇಲೆ ಶೇಕಡಾವಾರು ಅಂಕಿ ಎಣಿಸುತ್ತ ಕುಳಿತರೆ ಯಾರಿಗಾದರೂ ತಾಳ್ಮೆ ಕೆಡುತ್ತದೆ. ದೊಡ್ಡ ಆವೃತ್ತಿಯ ನವೀಕರಣ ಕೆಲವು ಜಿಬಿಗಳಷ್ಟಿರುತ್ತದೆ. ತಿಂಗಳ ನವೀಕರಣವೂ ನೂರಾರು ಎಂಬಿ. ಫೈಬರ್ ಸಂಪರ್ಕ ಕಡಿದು ಕಾರ್ಯದರ್ಶಿಯವರ ಮೊಬೈಲಿನ ಹಾಟ್‌ಸ್ಪಾಟ್ ಮೇಲೆ ಕಛೇರಿ ನಡೆಯುವ ದಿನ ಇದು ಆರಂಭವಾದರೆ ಆ ದಿನದ ಡೇಟಾ ಅಲ್ಲಿಗೆ ಮುಗಿಯಿತು. ನವೀಕರಣದ ನಡುವೆ ವಿದ್ಯುತ್ ಹೋಗಿ ಯಂತ್ರವೇ ಏಳದೆ ಉಳಿಯುವ ಭಯ ಬೇರೆ. ಹೀಗಿರುವಾಗ ದುರಸ್ತಿಗೆ ಬಂದವರು "ಅಪ್‌ಡೇಟ್ ಬಂದ್ ಮಾಡಿಬಿಡುತ್ತೇನೆ, ಇನ್ನು ತೊಂದರೆ ಇರುವುದಿಲ್ಲ" ಎಂದರೆ ಯಾರೂ ಬೇಡವೆನ್ನುವುದಿಲ್ಲ.

ನಿಲ್ಲಿಸುವ ಬಗೆಗಳು ಹಲವು. ಕೆಲವರು 'ಸರ್ವೀಸಸ್' ಪಟ್ಟಿಯಲ್ಲಿ 'ವಿಂಡೋಸ್ ಅಪ್‌ಡೇಟ್' ಎಂಬ ಸೇವೆಯನ್ನು 'ಡಿಸೇಬಲ್ಡ್' ಎಂದು ಬದಲಿಸುತ್ತಾರೆ. ಕೆಲವರು ಅದಕ್ಕೆಂದೇ ಇರುವ ಚಿಕ್ಕ ತಂತ್ರಾಂಶವೊಂದನ್ನು ಚಲಾಯಿಸುತ್ತಾರೆ. ಅದು ಸೇವೆಯನ್ನು ನಿಲ್ಲಿಸುವುದರ ಜೊತೆಗೆ ಅನುಮತಿಗಳನ್ನು ಬದಲಿಸಿ, ಪುನಃ ಆರಂಭವಾಗದಂತೆ ಬೀಗ ಹಾಕುತ್ತದೆ. ಹೀಗೆ ಮಾಡಿದ್ದು ಎಲ್ಲಿಯೂ ದಾಖಲಾಗಿರುವುದಿಲ್ಲ. ಎರಡು ವರ್ಷಗಳ ಅನಂತರ ಪರದೆ ಮಸುಕಾದಾಗ ಬರುವ ಹೊಸ ದುರಸ್ತಿಗಾರರಿಗೆ ಅದರ ಸುಳಿವೂ ಇರುವುದಿಲ್ಲ. ಈ ದಾಖಲೆಯಿಲ್ಲದ ಬೀಗವೇ ಮುಂದಿನ ಬಹುಪಾಲು ಗೊಂದಲದ ಮೂಲ.

ಅಳವಡಿಕೆ ಮುರಿದುಬೀಳುವ ಕಡೆಗಳು

ವಿಂಡೋಸ್ ಹೊಸದೊಂದು ಯಂತ್ರಭಾಗವನ್ನು ಕಂಡಾಗ ಮೊದಲು ತನ್ನ ಒಳಗಿನ ಡ್ರೈವರ್ ಉಗ್ರಾಣದಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಮೈಕ್ರೋಸಾಫ್ಟ್ ಸಂಸ್ಥೆಯ ನವೀಕರಣ ಕೇಂದ್ರದಿಂದ ತರಿಸಿಕೊಳ್ಳುತ್ತದೆ. ನವೀಕರಣ ಸೇವೆ ನಿಂತಿದ್ದರೆ ಈ ಎರಡನೆಯ ದಾರಿ ಮುಚ್ಚಿರುತ್ತದೆ. ಯಂತ್ರ ಹಳೆಯದಾಗಿದ್ದು ವಿಂಡೋಸ್ ಅದಕ್ಕಿಂತ ಹೊಸದಾಗಿದ್ದರೆ ಉಗ್ರಾಣದಲ್ಲೇ ಡ್ರೈವರ್ ಸಿಗುವ ಸಾಧ್ಯತೆ ಹೆಚ್ಚು. ತೊಂದರೆಯಾಗುವುದು ಇದಕ್ಕೆ ವಿರುದ್ಧವಾದ ಸಂದರ್ಭದಲ್ಲಿ. 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10ರ ಮೊದಲ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಅದನ್ನೇ ಎಲ್ಲ ಯಂತ್ರಗಳಿಗೂ ಹಾಕುವ ರೂಢಿ ಕೆಲವರಿಗಿದೆ. 2019ರಲ್ಲೋ 2020ರಲ್ಲೋ ತಯಾರಾದ ಸಂಸ್ಕಾರಕದ ಹೆಸರು ಆ ಉಗ್ರಾಣದಲ್ಲಿ ಇರಲು ಹೇಗೆ ಸಾಧ್ಯ? ವಿಂಡೋಸ್ ಹಾಕಿದ ಕೈಯಲ್ಲೇ ಅಪ್‌ಡೇಟ್ ಸಹ ನಿಲ್ಲಿಸಿದರೆ, ಆ ಯಂತ್ರ ಹುಟ್ಟಿನಿಂದಲೇ ಬೇಸಿಕ್ ಅಡಾಪ್ಟರ್ ಮೇಲೆ ನಡೆಯುತ್ತದೆ. ಹೊಸ ಯಂತ್ರ ಹಳೆಯದಕ್ಕಿಂತ ನಿಧಾನವೆಂಬ ದೂರು ಬರುವುದು ಇಂತಹ ಕಡೆಯೇ.

ಹಾಗಾದರೆ ತಯಾರಕರ ಜಾಲತಾಣದಿಂದ ಡ್ರೈವರನ್ನು ನೇರವಾಗಿ ಇಳಿಸಿಕೊಂಡು ಹಾಕಬಾರದೇ ಎಂಬ ಪ್ರಶ್ನೆ ಸಹಜ. ಹಾಕಬಹುದು, ಆದರೆ ಅಲ್ಲಿಯೂ ಬಾಗಿಲು ಕಾಯುವವರಿದ್ದಾರೆ. ಈಗಿನ ಡ್ರೈವರ್ ಕಂತೆಗಳು ವಿಂಡೋಸ್‌ನ ಕನಿಷ್ಠ ಆವೃತ್ತಿಯೊಂದನ್ನು ಬೇಡುತ್ತವೆ. ಇಂಟೆಲ್ ಸಂಸ್ಥೆಯ ಹೊಸ ಬಗೆಯ ಡ್ರೈವರ್‌ಗಳಿಗೆ ವಿಂಡೋಸ್ 10ರ 1709ನೇ ಆವೃತ್ತಿ, ಅಂದರೆ 2017ರ ಅಕ್ಟೋಬರಿನಲ್ಲಿ ಬಂದದ್ದು, ಅಥವಾ ಅದಕ್ಕಿಂತ ಈಚಿನದು ಇರಲೇಬೇಕು. ಎನ್‌ವಿಡಿಯಾ ಸಂಸ್ಥೆಯ ಅದೇ ಬಗೆಯವಕ್ಕೆ 1803ನೇ ಆವೃತ್ತಿ ಬೇಕು. ಆವೃತ್ತಿ ಮುಂದಕ್ಕೆ ಹೋಗುವುದೇ ನವೀಕರಣದ ಮೂಲಕ. ಅದನ್ನು ನಿಲ್ಲಿಸಿದ ಯಂತ್ರ ಹಳೆಯ ಆವೃತ್ತಿಯಲ್ಲೇ ನಿಂತಿರುವುದರಿಂದ, ಅಳವಡಿಕೆಯ ಕಿಟಕಿ ತೆರೆದೊಡನೆ ಈ ಡ್ರೈವರ್ ಈ ವಿಂಡೋಸ್ ಆವೃತ್ತಿಗೆ ಹೊಂದುವುದಿಲ್ಲ ಎಂಬರ್ಥದ ಸಂದೇಶ ಕಾಣುತ್ತದೆ. ಆ ಸಂದೇಶದಲ್ಲಿ ಅಪ್‌ಡೇಟ್ ಎಂಬ ಪದವೇ ಇರುವುದಿಲ್ಲ. ಓದಿದವರು ಗ್ರಾಫಿಕ್ಸ್ ಭಾಗವೇ ಹಳೆಯದಾಯಿತೆಂದು ತಿಳಿದು ಹೊಸ ಯಂತ್ರದ ದರಪಟ್ಟಿ ತರಿಸುತ್ತಾರೆ. 32 ಬಿಟ್ ವಿಂಡೋಸ್ ಹಾಕಿರುವ ಯಂತ್ರಗಳ ಪಾಡು ಇನ್ನೂ ಇಕ್ಕಟ್ಟಿನದು. ಎನ್‌ವಿಡಿಯಾ ಮತ್ತು ಎಎಂಡಿ ಸಂಸ್ಥೆಗಳು 2018ರಿಂದ ಅದಕ್ಕೆ ಹೊಸ ಡ್ರೈವರ್ ಬರೆಯುವುದನ್ನೇ ಕೈಬಿಟ್ಟಿವೆ.

ಎರಡನೆಯ ಕಾವಲು ಡಿಜಿಟಲ್ ಸಹಿಯದು. ಇದು ಸದಸ್ಯರಿಗೆ ಅಪರಿಚಿತವಾದ ವಿಷಯವಲ್ಲ. ಅಧ್ಯಕ್ಷರು ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಜಂಟಿ ಸಹಿಯಿರುವ ಚೆಕ್ಕು ಬ್ಯಾಂಕಿಗೆ ಹೋದಾಗ, ಅಲ್ಲಿ ಇಟ್ಟಿರುವ ಮಾದರಿ ಸಹಿಯೊಂದಿಗೆ ಅದನ್ನು ತಾಳೆ ನೋಡುತ್ತಾರೆ. ಅಧ್ಯಕ್ಷರು ಬದಲಾಗಿ, ಬ್ಯಾಂಕಿನ ಮಾದರಿ ಸಹಿ ಕಾರ್ಡು ಬದಲಾಗದೆ ಇದ್ದರೆ ಅಸಲಿ ಸಹಿಯೂ ತಿರಸ್ಕೃತವಾಗುತ್ತದೆ. ಚೆಕ್ಕಿನಲ್ಲಿ ದೋಷವಿಲ್ಲ, ಕಾರ್ಡು ಹಳೆಯದು. ಡ್ರೈವರಿನ ವಿಷಯವೂ ಹೀಗೆಯೇ. ಪ್ರತಿ ಡ್ರೈವರ್ ಕಂತೆಯ ಮೇಲೂ ತಯಾರಕರ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಯ ಡಿಜಿಟಲ್ ಸಹಿ ಇರುತ್ತದೆ. ಅದನ್ನು ತಾಳೆ ನೋಡಲು ಬೇಕಾದ ಪ್ರಮಾಣಪತ್ರಗಳೂ ಲೆಕ್ಕಾಚಾರದ ವಿಧಾನವೂ ಯಂತ್ರಕ್ಕೆ ಬರುವುದು ನವೀಕರಣದ ಮೂಲಕ. ಮೊದಲು ಎಸ್‌ಎಚ್‌ಎ-1 ಎಂಬ ವಿಧಾನ ಬಳಕೆಯಲ್ಲಿತ್ತು. ಅದು ದುರ್ಬಲವೆಂದು ಕಂಡುಬಂದ ಮೇಲೆ ಎಸ್‌ಎಚ್‌ಎ-2 ಬಂದಿತು. ವಿಂಡೋಸ್ 7ಕ್ಕೆ ಈ ಹೊಸ ವಿಧಾನವನ್ನು ಕಲಿಸುವ ನವೀಕರಣವನ್ನು ಅನಂತರ ಬಿಡುಗಡೆ ಮಾಡಲಾಯಿತು. ಅದಕ್ಕೂ ಮೊದಲೇ ಬೀಗ ಹಾಕಿದ ವಿಂಡೋಸ್ 7 ಯಂತ್ರಕ್ಕೆ ಎಸ್‌ಎಚ್‌ಎ-2 ಸಹಿಯಷ್ಟೇ ಇರುವ ಡ್ರೈವರ್ ಹಾಕಿದರೆ, ಅಸಲಿ ಸಹಿಯನ್ನೇ ಅದು ಗುರುತಿಸಲಾರದೆ ಸಂಖ್ಯೆ 52 ತೋರಿಸುತ್ತದೆ. ಸಹಿ ಪರಿಶೀಲನೆಯನ್ನೇ ನಿಲ್ಲಿಸಿ ಡ್ರೈವರ್ ಹಾಕುವ ಅಡ್ಡದಾರಿಯೊಂದನ್ನು ಕೆಲವರು ಬಳಸುವುದುಂಟು. ಹಣಕಾಸಿನ ಪಾವತಿಗೆ ಡಿಜಿಟಲ್ ಸಹಿಯ ಟೋಕನ್ ಜೋಡಿಸುವ ಯಂತ್ರದಲ್ಲಿ ಅದಕ್ಕೆ ಎಡೆಗೊಡಲೇಬಾರದು.

ಡ್ರೈವರ್ ಹೇಗೋ ಕುಳಿತರೂ ಅದರ ನಿಯಂತ್ರಣ ಫಲಕ ಬಾರದಿರಬಹುದು. ಹೊಸ ಬಗೆಯ ಕಂತೆಗಳಲ್ಲಿ ಫಲಕವು ಬೇರೆಯಾಗಿದ್ದು ಮೈಕ್ರೋಸಾಫ್ಟ್ ಸ್ಟೋರ್ ಮೂಲಕ ಬರುತ್ತದೆ. ಸ್ಟೋರ್ ಸಹ ಒಳಗೊಳಗೆ ಅದೇ ನವೀಕರಣ ಸೇವೆಯನ್ನು ಆಶ್ರಯಿಸಿದೆ. ಸೇವೆ ನಿಂತಿದ್ದರೆ 80070422 ಎಂಬ ಅಂಕಿಗಳಲ್ಲಿ ಕೊನೆಗೊಳ್ಳುವ ದೋಷಸಂಖ್ಯೆ ಕಾಣಿಸಿಕೊಳ್ಳುತ್ತದೆ. ಬೇಕಾದ ಸೇವೆಯನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ ಎಂಬುದೇ ಅದರ ನೇರ ಅರ್ಥ. ಈ ಎಂಟು ಅಂಕಿಗಳನ್ನು ಕಂಡ ಮೇಲೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಅಂತರ್ಜಾಲ ಚೆನ್ನಾಗಿರುವ ತಾಲ್ಲೂಕು ಕೇಂದ್ರದಲ್ಲಿ ನವೀಕರಣದ ಕಡತವನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ತಂದು ಹಾಕುವ ಜಾಣತನವನ್ನೂ ಕೆಲವು ಸಿಬ್ಬಂದಿ ತೋರಿದ್ದುಂಟು. ಮೈಕ್ರೋಸಾಫ್ಟ್ ಸಂಸ್ಥೆಯೇ ಅಂತಹ ಕಡತಗಳ ಭಂಡಾರವೊಂದನ್ನು ಸಾರ್ವಜನಿಕವಾಗಿ ತೆರೆದಿಟ್ಟಿರುವುದರಿಂದ ಡೇಟಾ ಉಳಿಸಲು ಇದು ಒಳ್ಳೆಯ ಉಪಾಯವೇ. ಆದರೆ ಆ ಕಡತವನ್ನು ಬಿಚ್ಚಿ ಅಳವಡಿಸುವ ಕೆಲಸವನ್ನೂ ಅದೇ ಸೇವೆಯೇ ಮಾಡಬೇಕು. ಪೆನ್‌ಡ್ರೈವಿನಿಂದ ಬಂದರೂ, ಸೇವೆ 'ಡಿಸೇಬಲ್ಡ್' ಆಗಿದ್ದರೆ ಮೇಲೆ ಹೇಳಿದ ದೋಷಸಂಖ್ಯೆಯೇ ಮರಳಿ ಬರುತ್ತದೆ. ಮೊದಲು ಸೇವೆಯನ್ನು 'ಮ್ಯಾನ್ಯುಯಲ್' ಸ್ಥಿತಿಗೆ ತಂದು ಆಮೇಲೆ ಕಡತ ತೆರೆಯಬೇಕು.

ಸರಿಪಡಿಸುವಾಗ ಆಗುವ ಅವಸರ

ಬೀಗ ತೆರೆದ ಕೂಡಲೇ ಡ್ರೈವರ್ ಹಾಕಲು ಹೊರಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ವರ್ಷಗಟ್ಟಲೆ ತಡೆದಿಟ್ಟ ನವೀಕರಣಗಳೆಲ್ಲ ಆಗ ಒಮ್ಮೆಲೇ ನುಗ್ಗಿ ಬರುತ್ತವೆ. ಅವುಗಳ ಜೊತೆ ವಿಂಡೋಸ್ ತನ್ನದೊಂದು ಗ್ರಾಫಿಕ್ಸ್ ಡ್ರೈವರನ್ನೂ ತಂದು ಹಾಕತೊಡಗುತ್ತದೆ. ಅದೇ ಹೊತ್ತಿಗೆ ಸಿಬ್ಬಂದಿ ತಯಾರಕರ ಕಂತೆಯನ್ನು ಚಲಾಯಿಸಿದರೆ, ಒಂದೇ ಕುರ್ಚಿಗೆ ಇಬ್ಬರು ಕೂರಲು ಹೋದಂತಾಗಿ ಪರದೆ ಕಪ್ಪಾಗುತ್ತದೆ ಅಥವಾ ಅಳವಡಿಕೆ ನಡುದಾರಿಯಲ್ಲಿ ನಿಲ್ಲುತ್ತದೆ.

ಆದಕಾರಣ ಕ್ರಮ ಮುಖ್ಯ. ರಜೆಯ ಹಿಂದಿನ ಸಂಜೆಯೋ ಜನಸಂದಣಿ ಇಲ್ಲದ ದಿನವೋ ಆರಿಸಿಕೊಂಡು, ಯುಪಿಎಸ್ ಬ್ಯಾಟರಿ ಸುಸ್ಥಿತಿಯಲ್ಲಿದೆಯೇ ಎಂದು ನೋಡಿ, ಕಡತಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು ಕೆಲಸ ಆರಂಭಿಸಬೇಕು. ತಡೆ ಹಾಕಲು ಯಾವ ತಂತ್ರಾಂಶ ಬಳಸಲಾಗಿತ್ತೋ ಅದರಿಂದಲೇ ತಡೆ ತೆಗೆಸುವುದು ಉತ್ತಮ. ಕೈಯಾರೆ ಸೇವೆಯೊಂದನ್ನೇ ಬದಲಿಸಿದರೆ ಉಳಿದ ಬೀಗಗಳು ಹಾಗೆಯೇ ಇರುತ್ತವೆ. ನವೀಕರಣಗಳು ಇಳಿದು, ಅಳವಡಿಕೆಯಾಗಿ, ಇನ್ನು ಬಾಕಿಯಿಲ್ಲ ಎನ್ನುವವರೆಗೆ ಕಾಯಬೇಕು. ಎರಡು ಮೂರು ಸಲ ಮರುಪ್ರಾರಂಭ ಬೇಕಾಗಬಹುದು. ಇಲ್ಲಿ 'ಷಟ್ ಡೌನ್' ಮಾಡಿ ಬೆಳಿಗ್ಗೆ ಹಚ್ಚಿದರೆ ಸಾಲದು. ವಿಂಡೋಸ್ 8ರಿಂದೀಚೆಗೆ 'ಫಾಸ್ಟ್ ಸ್ಟಾರ್ಟ್‌ಅಪ್' ಎಂಬ ಏರ್ಪಾಡಿನಿಂದಾಗಿ, ಷಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಅರೆನಿದ್ರೆಗೆ ಹೋಗಿ ಬೆಳಿಗ್ಗೆ ಅಲ್ಲಿಂದಲೇ ಏಳುತ್ತದೆ. ಬಾಕಿ ಕೆಲಸ ಮುಗಿಯಬೇಕಾದರೆ 'ರೀಸ್ಟಾರ್ಟ್' ಎಂಬುದನ್ನೇ ಒತ್ತಬೇಕು. ಪ್ರತಿದಿನ ಯಂತ್ರ ಆರಿಸುತ್ತೇವಲ್ಲ ಎಂಬ ಸಿಬ್ಬಂದಿಯ ಮಾತು ನಿಜವೇ ಆದರೂ ತಿಂಗಳುಗಟ್ಟಲೆ ಯಂತ್ರ ಮರುಪ್ರಾರಂಭವಾಗಿರುವುದಿಲ್ಲ.

ಇಷ್ಟಾದ ಮೇಲೆ ಡಿವೈಸ್ ಮ್ಯಾನೇಜರ್ ನೋಡಿದರೆ ಬಹಳಷ್ಟು ಯಂತ್ರಗಳಲ್ಲಿ ಡ್ರೈವರ್ ತಾನಾಗಿಯೇ ಬಂದು ಕುಳಿತಿರುತ್ತದೆ. ಬಂದಿರದಿದ್ದರೆ ನವೀಕರಣ ಪುಟದ 'ಐಚ್ಛಿಕ ನವೀಕರಣಗಳು' ಎಂಬರ್ಥದ 'ಆಪ್ಷನಲ್ ಅಪ್‌ಡೇಟ್ಸ್' ಭಾಗದಲ್ಲಿ ನೋಡಬೇಕು. 2020ರಿಂದ ಕೆಲವು ಡ್ರೈವರ್‌ಗಳನ್ನು ಅಲ್ಲಿ ಪ್ರತ್ಯೇಕವಾಗಿ ಇಡಲಾಗುತ್ತಿದೆ. ಅಲ್ಲಿಯೂ ಇಲ್ಲದಿದ್ದಾಗ ಯಂತ್ರ ತಯಾರಿಸಿದ ಸಂಸ್ಥೆಯ ಅಥವಾ ಗ್ರಾಫಿಕ್ಸ್ ಭಾಗ ತಯಾರಿಸಿದ ಸಂಸ್ಥೆಯ ಅಧಿಕೃತ ಜಾಲತಾಣಕ್ಕೆ ಹೋಗಬೇಕು. ಉಚಿತವಾಗಿ ಎಲ್ಲ ಡ್ರೈವರ್ ಹುಡುಕಿ ಕೊಡುವುದಾಗಿ ಹೇಳಿಕೊಳ್ಳುವ ಮೂರನೆಯವರ ತಂತ್ರಾಂಶಗಳನ್ನು ಸರ್ಕಾರಿ ಯಂತ್ರದ ಹತ್ತಿರ ಸುಳಿಯಗೊಡಬಾರದು.

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವಿಂಡೋಸ್ ತಾನಾಗಿ ತರುವ ಡ್ರೈವರೇ ಕೆಲವೊಮ್ಮೆ ಹಳೆಯದಾಗಿದ್ದು, ಸರಿಯಾಗಿ ನಡೆಯುತ್ತಿದ್ದುದನ್ನು ಕೆಡಿಸುವುದುಂಟು. ಅಂತಹ ಯಂತ್ರದಲ್ಲಿ ಡ್ರೈವರ್ ನವೀಕರಣವನ್ನು ಮಾತ್ರ ತಡೆಯುವುದು ಸಮರ್ಥನೀಯ. ವಿಂಡೋಸ್ 10 ಪ್ರೊ ಆವೃತ್ತಿಯ ಗ್ರೂಪ್ ಪಾಲಿಸಿಯಲ್ಲಿ, ನವೀಕರಣಗಳೊಂದಿಗೆ ಡ್ರೈವರ್ ಸೇರಿಸಬಾರದೆಂಬ ಆಯ್ಕೆ ಇದಕ್ಕೆಂದೇ ಇದೆ. ಒಂದು ಕಿಟಕಿ ಮುಚ್ಚಲು ಮನೆಯ ಬಾಗಿಲಿಗೇ ಗೋಡೆ ಕಟ್ಟುವ ಅಗತ್ಯವಿಲ್ಲ.

ಬೀಗ ಹಾಕದೆ ಹದದಲ್ಲಿಡುವ ದಾರಿಗಳು

ಸಿಬ್ಬಂದಿಯ ಮೂಲ ಕಷ್ಟಕ್ಕೆ ಪರಿಹಾರ ದೊರೆಯದಿದ್ದರೆ ಇಂದು ತೆರೆದ ಬೀಗ ನಾಳೆ ಮತ್ತೆ ಬೀಳುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಕಛೇರಿ ವೇಳೆಯನ್ನು 'ಆ್ಯಕ್ಟಿವ್ ಅವರ್ಸ್' ಎಂದು ಗುರುತಿಸಬಹುದು. ಗರಿಷ್ಠ 18 ಗಂಟೆಗಳವರೆಗೆ ಇದನ್ನು ಇಡಬಹುದಾಗಿದ್ದು, ಆ ಅವಧಿಯಲ್ಲಿ ಯಂತ್ರ ನವೀಕರಣಕ್ಕಾಗಿ ತಾನಾಗಿ ಮರುಪ್ರಾರಂಭವಾಗುವುದಿಲ್ಲ. ಗ್ರಾಮ ಸಭೆ, ಜಮಾಬಂದಿ, ವರ್ಷಾಂತ್ಯದ ಲೆಕ್ಕಪತ್ರದಂತಹ ಒತ್ತಡದ ದಿನಗಳಿಗೆ 'ಪಾಸ್' ಎಂಬ ಆಯ್ಕೆಯಿದೆ. ಅದರಿಂದ 35 ದಿನಗಳವರೆಗೆ ನವೀಕರಣವನ್ನು ಮುಂದೂಡಬಹುದು, ಅವಧಿ ಮುಗಿದೊಡನೆ ಅದು ತಾನೇ ಪುನರಾರಂಭಗೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವಲ್ಲಿ ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದರೆ ದೊಡ್ಡ ನವೀಕರಣಗಳು ಆ ಸಂಪರ್ಕದ ಮೇಲೆ ಇಳಿಯುವುದಿಲ್ಲ. ಆದರೆ ಮೀಟರ್ಡ್ ಸಂಪರ್ಕದಲ್ಲಿ ಡ್ರೈವರ್‌ಗಳೂ ಇಳಿಯದಂತೆ ಏರ್ಪಾಡಿರುತ್ತದೆ. ಹೊಸ ಯಂತ್ರ ಹೂಡುವ ದಿನ, ಹೊಸ ಮುದ್ರಣಯಂತ್ರ ಜೋಡಿಸುವ ದಿನ ಆ ಗುರುತನ್ನು ತಾತ್ಕಾಲಿಕವಾಗಿ ತೆಗೆಯಬೇಕಾಗುತ್ತದೆ. ಇದು ತಿಳಿಯದೆ, ಅಪ್‌ಡೇಟ್ ತೆರೆದಿದ್ದರೂ ಡ್ರೈವರ್ ಬರುತ್ತಿಲ್ಲವೆಂದು ಪರದಾಡುವುದುಂಟು.

ಒಂದೇ ಕಛೇರಿಯಲ್ಲಿ ಮೂರು ನಾಲ್ಕು ಯಂತ್ರಗಳಿದ್ದರೆ 'ಡೆಲಿವರಿ ಆಪ್ಟಿಮೈಸೇಷನ್' ಏರ್ಪಾಡನ್ನು ಸ್ಥಳೀಯ ಜಾಲಕ್ಕೆ ಸೀಮಿತಗೊಳಿಸಿ ತೆರೆದಿಡಬಹುದು. ಒಂದು ಯಂತ್ರ ಇಳಿಸಿಕೊಂಡ ನವೀಕರಣವನ್ನು ಉಳಿದವು ಅದರಿಂದಲೇ ಪಡೆಯುತ್ತವೆ, ಅಂತರ್ಜಾಲದಿಂದ ನಾಲ್ಕು ಬಾರಿ ತರಿಸುವುದು ತಪ್ಪುತ್ತದೆ. ಅರಿವು ಕೇಂದ್ರದ ಗಣಕಯಂತ್ರಗಳಿಗೆ ಇದು ವಿಶೇಷವಾಗಿ ಅನುಕೂಲ.

ಪರದೆಯ ಮಸುಕು ಕಣ್ಣಿಗೆ ಬೀಳುತ್ತದೆ, ಹಾಗಾಗಿ ದೂರು ಬರುತ್ತದೆ. ಅದೇ ಬೀಗದ ಹಿಂದೆ ನಿಂತುಹೋದ ಭದ್ರತಾ ನವೀಕರಣಗಳು ಕಣ್ಣಿಗೆ ಬೀಳುವುದಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ಒತ್ತೆಹಣದ ಕುತಂತ್ರಾಂಶ ಜಗತ್ತಿನ ನೂರೈವತ್ತಕ್ಕೂ ಹೆಚ್ಚು ದೇಶಗಳ ಗಣಕಯಂತ್ರಗಳಿಗೆ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಅದು ಬಳಸಿಕೊಂಡ ದೋಷವನ್ನು ಮುಚ್ಚುವ ನವೀಕರಣವನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ನೀಡಿತ್ತು. ಹಾಕಿಕೊಂಡ ಯಂತ್ರಗಳು ಆ ದೋಷದ ಮೂಲಕ ಹರಡಿದ ಹಾವಳಿಯಿಂದ ಉಳಿದುಕೊಂಡವು. ಪಂಚತಂತ್ರ ತಂತ್ರಾಂಶಕ್ಕೆ ಪ್ರವೇಶಿಸುವ, ತೆರಿಗೆ ಬೇಡಿಕೆ ವಹಿ ಇಡುವ, ಪಾವತಿಗೆ ಸಹಿ ಹಾಕುವ ಯಂತ್ರದಲ್ಲಿ ಮಸುಕಾದ ಅಕ್ಷರಗಳು ಕಂಡರೆ, ಅದರ ಹಿಂದೆ ಇಂತಹ ಎಷ್ಟು ತಿಂಗಳ ಬಾಕಿ ಇದೆಯೆಂದು ಕೇಳುವುದು ಸದಸ್ಯರಿಗೆ ಸಲ್ಲುವ ಪ್ರಶ್ನೆ.

ಖರೀದಿಯ ಪ್ರಸ್ತಾವ ಬಂದಾಗ

ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಅಥವಾ ಗಣಕಯಂತ್ರದ ಬದಲಾವಣೆ ಕೋರುವ ಟಿಪ್ಪಣಿ ಸಭೆಗೆ ಬಂದಾಗ, ಡಿವೈಸ್ ಮ್ಯಾನೇಜರಿನಲ್ಲಿ ಕಂಡ ಹೆಸರು ಮತ್ತು ಸಂಖ್ಯೆ ಏನು, ವಿಂಡೋಸ್ ಆವೃತ್ತಿ ಯಾವುದು, ಕೊನೆಯ ನವೀಕರಣ ಅಳವಡಿಕೆಯಾದ ದಿನಾಂಕ ಯಾವುದು ಎಂಬ ವಿವರಗಳನ್ನು ಟಿಪ್ಪಣಿಯಲ್ಲೇ ನಮೂದಿಸುವಂತೆ ಕೇಳಬಹುದು. ಮಾನಿಟರನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ನೋಡಲಾಗಿದೆಯೇ ಎಂಬುದೂ ತಿಳಿಯಬೇಕು. ಆ ಯಂತ್ರದಲ್ಲಿ ಮಾನಿಟರ್ ಸರಿಯಾಗಿ ಕಂಡರೆ ಖರೀದಿಯ ಕಾರಣ ಅಲ್ಲಿಗೆ ಬಿದ್ದುಹೋಯಿತು. ತಾಲ್ಲೂಕು ಪಂಚಾಯತಿಯಲ್ಲಿ ಗಣಕಯಂತ್ರ ಬಲ್ಲ ಸಿಬ್ಬಂದಿ ಇದ್ದಲ್ಲಿ ಅವರಿಂದ ಒಮ್ಮೆ ಪರಿಶೀಲಿಸಿಕೊಂಡ ಮೇಲೆ ವಿಷಯ ಮಂಡಿಸುವುದು ಮೇಲು.

ಎಲ್ಲ ಪ್ರಸ್ತಾವಗಳೂ ಹುಸಿಯಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ವಿಂಡೋಸ್ 10ಕ್ಕೆ ಸಂಸ್ಥೆಗಳು ಶುಲ್ಕ ತೆತ್ತು ವಿಸ್ತರಿತ ಭದ್ರತಾ ನವೀಕರಣ ಪಡೆಯಬಹುದಾದರೂ ಅದು ಭದ್ರತೆಗೆ ಸೀಮಿತ. ವಿಂಡೋಸ್ 11 ಹಾಕಬೇಕಾದರೆ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು; ಇಂಟೆಲ್ ಸಂಸ್ಕಾರಕಗಳಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಈಚಿನದಾಗಿರಬೇಕು. ಡೈರೆಕ್ಟ್‌ಎಕ್ಸ್ 12ಕ್ಕೆ ಹೊಂದುವ ಗ್ರಾಫಿಕ್ಸ್ ಭಾಗವೂ ಅದಕ್ಕೆ ತಕ್ಕ ಡ್ರೈವರೂ ಆ ಪಟ್ಟಿಯಲ್ಲೇ ಇವೆ. ಈ ಅರ್ಹತೆ ಇಲ್ಲದ ಯಂತ್ರವನ್ನು ಬದಲಿಸುವುದು ಸರಿಯಾದ ಖರ್ಚು. ಅರ್ಹತೆ ಇದ್ದೂ ಬೀಗದ ಕಾರಣಕ್ಕೆ ಕುಂಟುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವುದು ಬೇರೆಯೇ ಮಾತು.

ಹೊಸ ಯಂತ್ರ ಬಂದ ದಿನ ದಾಸ್ತಾನು ವಹಿಯಲ್ಲಿ ಮಾದರಿ, ಕ್ರಮಸಂಖ್ಯೆ ಮತ್ತು ಬೆಲೆ ಬರೆಯುವ ಪದ್ಧತಿ ಇದ್ದೇ ಇದೆ. ಅದರ ಷರಾ ಅಂಕಣದಲ್ಲಿ ವಿಂಡೋಸ್ ಆವೃತ್ತಿ, ಗ್ರಾಫಿಕ್ಸ್ ಭಾಗದ ಹೆಸರು ಮತ್ತು ಡ್ರೈವರಿನ ದಿನಾಂಕವನ್ನೂ ಸೇರಿಸಬಹುದು. ಮುಂದೆ ಯಾರಾದರೂ ಯಾವುದೇ ಕಾರಣಕ್ಕೆ ನವೀಕರಣ ನಿಲ್ಲಿಸಿದರೆ, ನಿಲ್ಲಿಸಿದ ದಿನಾಂಕ, ಬಳಸಿದ ವಿಧಾನ ಮತ್ತು ಪುನಃ ತೆರೆಯಬೇಕಾದ ದಿನಾಂಕವನ್ನು ಅದೇ ಅಂಕಣದಲ್ಲಿ ಬರೆದು ಸಹಿ ಮಾಡುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಸೂಚಿಸಬಹುದು.